ಒಂದಕ್ಕೆ ಮಾತ್ರ ಗುರುತು ಹಾಕಿ

ಕೌಲ್ ಬಜಾರಿನ ಜೀನ್ಸ್ ಶೆಡ್ಡುಗಳಲ್ಲಿ
ಮಿಷಿನ್ ರಿಪೇರಿ ನನ್ನ ಕಸುಬು.
ದಾರ ಕಡೀತೈತೆ ಅಂತ ಫೋನ್ ಬಂದರೆ
ಸ್ಕ್ರೂಡ್ರೈವರ್ ತೆಗೆಯುವ ಮೊದಲು
ಸುಮ್ಮನೆ ನಿಂತು ಕೇಳುತ್ತೇನೆ.

ಮಗನ ಶಾಲೆಯಿಂದ ಫೋನ್ ಬಂದಾಗ
ನಿಲ್ಲಲಿಲ್ಲ, ಕೇಳಲಿಲ್ಲ.
ಹೊಡೆದೆ.

ಎರ್ರಿಸ್ವಾಮಿ ಅವನ ಹೆಸರು, ತಾತನಿಗೆ ಹೊತ್ತ ಹರಕೆ.
ಬಳ್ಳಾರಿಯಲ್ಲಿ ತೆಲುಗು ಯಾರಿಗೆ ಬರುವುದಿಲ್ಲ?
ಕ್ಲಾಸಿನ ಹುಡುಗರು ಆ ಹೆಸರನ್ನು
ಅರ್ಥ ತಿಳಿದೇ ಕೂಗುತ್ತಾರೆ.

ನಾಲ್ಕನೇ ಕ್ಲಾಸು. ಮರ ಇದ್ದಲ್ಲಿ ವರ ಓದುತ್ತಾನೆ,
ಒತ್ತಕ್ಷರ ಕಾಲಿಗೆ ತೊಡರಿ ಬೀಳುತ್ತಾನೆ,
ಎದ್ದವನು ಪುಸ್ತಕಕ್ಕೆ ವಾಪಸ್ ಬರುವುದಿಲ್ಲ,
ಕಿಟಕಿಗೆ, ಗುಂತಕಲ್ಲಿನ ಗೂಡ್ಸಿಗೆ,
ಅದರ ಡಬ್ಬಿಗಳ ಲೆಕ್ಕಕ್ಕೆ ಹೋಗಿರುತ್ತಾನೆ.
ಆ ಲೆಕ್ಕವೂ ಇಪ್ಪತ್ತರ ಹತ್ತಿರ ತಪ್ಪಿರುತ್ತದೆ.

ಯಾಕೋ ಅಂದರೆ,
"ತಲೆಕಟ್ಟು ಗಾಳಿಗೆ ಹಾರ್ತಾವಪ್ಪಾ,
ಹಿಡಿಯಾಕ ಹೋಗಿದ್ದೆ."

ಮೇಷ್ಟ್ರು: ಲಕ್ಷ್ಯ ಇಲ್ಲ, ಅದಕ್ಕೇ ಓದು ಬರಲ್ಲ.
ಟ್ಯೂಷನ್ ಅಕ್ಕ: ಓದು ಬರಲ್ಲ, ಅದಕ್ಕೇ ಲಕ್ಷ್ಯ ನಿಲ್ಲಲ್ಲ.
ನಮ್ಮವ್ವ: ದೃಷ್ಟಿ ತಾಗೈತೆ, ಮೆಣಸಿನಕಾಯಿ ನಿವಾಳಿಸ್ರಿ.
ಮೂವರು ಹೇಳಿದ್ದೂ ಮಾಡಿದೆವು.
ಘಾಟು ಬರಲಿಲ್ಲ ನೋಡು ಅಂತ
ಅವ್ವನಿಗೊಬ್ಬಳಿಗೆ ಸಮಾಧಾನ.

ದೊಡ್ಡಾಸ್ಪತ್ರೆಯಲ್ಲಿ ಫಾರಂ ಕೊಟ್ಟರು:
ಕಲಿಕೆಯ ತೊಂದರೆ, ಪಕ್ಕದಲ್ಲಿ ಚೌಕ.
ಗಮನದ ತೊಂದರೆ, ಪಕ್ಕದಲ್ಲಿ ಚೌಕ.
ಒಂದಕ್ಕೆ ಮಾತ್ರ ಗುರುತು ಹಾಕಿ.

ಪೆನ್ನು ಹಿಡಿದು ಕೂತವನಿಗೆ
ಹುಲಿಗೆಮ್ಮನ ಮಿಷಿನ್ನು ನೆನಪಾಯಿತು.
ಹೊಸ ಸೂಜಿ ಹಾಕಿದೆ, ದಾರ ಕಡಿಯಿತು.
ಹಳೇದನ್ನೇ ಇಟ್ಟು ಟೆನ್ಷನ್ ಸಡಿಲಿಸಿದೆ, ಕಡಿಯಿತು.
ಕೆಟ್ಟಿದ್ದು ಎರಡೂ.
ಒಂದರ ಮರೆಯಲ್ಲಿ ಇನ್ನೊಂದು ಕೂತು
ಮಧ್ಯಾಹ್ನವಿಡೀ ನನ್ನನ್ನು ಆಡಿಸಿದ್ದವು.
ಕೂಲಿ ಹೋದದ್ದು ಮಾತ್ರ ಹುಲಿಗೆಮ್ಮನದು.

ಎರಡಕ್ಕೂ ಗುರುತು ಹಾಕಿದೆ.
ತಪ್ಪಾಗೈತೆ ಅಂತ ಕೌಂಟರಿನವ ಬೇರೆ ಫಾರಂ ಕೊಟ್ಟ.
ಅದರಲ್ಲೂ ಎರಡು ಹಾಕಿದೆ.
ಡಾಕ್ಟರಮ್ಮ ನೋಡಿದರು, ಏನೂ ಅನ್ನಲಿಲ್ಲ,
ತಮ್ಮ ತಿರುಗುವ ಕುರ್ಚಿ ಬಿಟ್ಟುಕೊಟ್ಟು
ಕೂರು ಅಂದರು ಇವನಿಗೆ.

ಈಗ ರಟ್ಟಿನಲ್ಲಿ ಒಂದು ಸಾಲಿನಗಲದ ಕಿಂಡಿ ಕೊರೆದಿದ್ದೇನೆ.
ರಾತ್ರಿ ಆ ಕಿಂಡಿಯೊಳಗೆ ಮೂರು ಪದ,
ಆಮೇಲೆ ನೀರು,
ಆಮೇಲೆ ಫ್ಯಾನಿನ ಸದ್ದು ಯಾಕೆ ಬದಲಾಯ್ತು ಅಂತ ಪ್ರಶ್ನೆ,
ನಾಲ್ಕನೇ ಪದದ ಅರ್ಧ,
ಆಮೇಲೆ ಗೋಡೆಯ ಹಲ್ಲಿ.

ಹಲ್ಲಿ ಓಡಿಸಲು ಕೈ ಎತ್ತುತ್ತೇನೆ.
ಅವನು ತಲೆ ಮುಚ್ಚಿಕೊಳ್ಳುತ್ತಾನೆ.
ಇದಕ್ಕೆ ಚೌಕವೇ ಇರಲಿಲ್ಲ
ಆ ಫಾರಮ್ಮಿನಲ್ಲಿ.