ನಾಲ್ಕೂ ಹತ್ತರ ಪುಟ

ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ.
ಮೂವತ್ತೊಂದು ವರ್ಷ ಹೀಗೇ ಕೇಳಿದ್ದೇನೆ.
ಟ್ಯಾಪೆಟ್ ಸಡಿಲಾದರೆ ಹಲ್ಲಿ ಲೊಚಗುಟ್ಟಿದ ಹಾಗೆ,
ಬೇರಿಂಗ್ ಸವೆದರೆ ರಾಗಿಕಲ್ಲು
ಕಾಳು ಮುಗಿದ ಮೇಲೂ ತಿರುಗಿದ ಹಾಗೆ.
ಮಧುಗಿರಿ ಬಸ್ಸು ಡಿಪೋ ಗೇಟಿನಲ್ಲಿ ತಿರುಗುವಾಗಲೇ
ಹೇಳಿಬಿಡುತ್ತಿದ್ದೆ: ಎರಡನೇ ಇಂಜೆಕ್ಟರು,
ಬಾನೆಟ್ ಎತ್ತೋದೇ ಬೇಡ.
‘ಗಂಗಹನುಮಯ್ಯನ ಕಿವಿ’ ಅಂತ ಡ್ರೈವರುಗಳು
ಹರಕೆ ಹೊತ್ತ ದೇವರ ಹೆಸರಿನಂತೆ ಹೇಳೋರು.
ನಾನೂ ನಂಬಿದ್ದೆ.

ಹೋದ ಆಷಾಢದಲ್ಲಿ ಆ ಬಸ್ಸು ಬಂತು,
ಹಸಿರು ನಂಬರ್ ಪ್ಲೇಟಿನದು.
ಬಂದದ್ದೇ ಗೊತ್ತಾಗಲಿಲ್ಲ; ಪಿಟ್ಟಿನ ಪಕ್ಕ ಮಲಗಿದ್ದ ನಾಯಿ
ಚಕ್ರ ಮೂಗಿನ ಹತ್ತಿರ ನಿಂತ ಮೇಲೆ ಎದ್ದಿತು.
ಸ್ಕ್ರೂಡ್ರೈವರ್ ಇಡಲು ಹೋದೆ.
‘ಗಂಗಣ್ಣಾ, ಕಿತ್ತಳೆ ಕೇಬಲ್ಲಿನ ಹತ್ತಿರ ಬೇಡ!
ಪಿಂಚಣಿ ಪೇಪರಿಗೆ ಬೇರೆಯವರು ಸೈನು ಹಾಕಬೇಕಾಗುತ್ತೆ’
ಅಂದಳು ಹುಸ್ನಾ,
ಐಟಿಐ ಮುಗಿಸಿ ಬಂದವಳು, ನನ್ನ ಕೊನೆಯ ಮಗಳಿಗಿಂತ ಚಿಕ್ಕವಳು.
ಎಲ್ಲರೂ ನಕ್ಕರು. ನಾನೂ ನಕ್ಕೆ.
ದೂರ ಸರಿದು ಬರಿಗಿವಿ ಕೊಟ್ಟೆ.
ಖಾಲಿ ಹಗೇವಿಗೆ ತಲೆ ಇಳಿಬಿಟ್ಟ ಹಾಗೆ,
ನನ್ನದೇ ನೆತ್ತರ ಸದ್ದು.

ಆ ರಾತ್ರಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.
‘ಇನ್ನು ನಾಲ್ಕೇ ವರ್ಷ ಸರ್ವೀಸು,
ಟಯರಿಗೆ ಗಾಳಿ ಹಿಡಿದು ಕಳೆದರೆ ಆಗಲ್ವಾ?’ ಅಂದಳು ಇವಳು.
ಆಗುತ್ತಿತ್ತು.
ಎಷ್ಟೋ ಜನ ಕಳೆದಿದ್ದಾರೆ.

ರಾತ್ರಿ ಪಾಳಿಯಲ್ಲಿ ತೊಳೆಯೋ ಕೆಲಸ ನಾಲ್ಕಕ್ಕೆ ಮುಗಿಯುತ್ತೆ,
ಪಾವಗಡದ ಮೊದಲ ಬಸ್ಸು ನಾಲ್ಕೂವರೆಗೆ.
ನಡುವೆ ಬೀಡಿಗೆ ಒಂದಷ್ಟು, ನಿದ್ದೆಗೆ ಒಂದಷ್ಟು.
ನಾನು ಬ್ಯಾಟರಿ ರೂಮಿನ ಬಲ್ಬಿನ ಕೆಳಗೆ
ಯಾವುದೋ ವರ್ಷದ ವಿಮೆ ಡೈರಿ ಬಿಚ್ಚಿ ಕೂತೆ.
ದಿನಕ್ಕೆ ಒಂದೇ ಸಂಗತಿ ಅಂತ ಲೆಕ್ಕ.
ಮೊದಲ ದಿನ ಬರೆದೆ: ಕಿತ್ತಳೆ ಬಣ್ಣ, ಮುಟ್ಟಬಾರದು.
ಎರಡನೇ ದಿನ: ಯಾಕೆ?
ಮೂರನೇ ದಿನದ ಪುಟ ಖಾಲಿ. ನಿದ್ದೆ ಬಂದಿತ್ತು.
ನಾಲ್ಕರಿಂದ ಒಂಬತ್ತರವರೆಗೂ ಖಾಲಿ,
ತಂಗಿ ಮಗನ ಮದುವೆ, ಕೊರಟಗೆರೆಯಲ್ಲಿ.
ಹತ್ತನೇ ದಿನ ಮತ್ತೆ: ಯಾಕೆ?

ಪ್ರಶ್ನೆಗಳ ಕೆಳಗೆ ಹುಸ್ನಾ ಉತ್ತರ ಬರೆಯತೊಡಗಿದಳು
ಹಸಿರು ಶಾಯಿಯಲ್ಲಿ, ಹೆಡ್‌ಮಾಸ್ತರರ ಹಾಗೆ.
‘ಇನ್ಸುಲೇಷನ್’ ಮೂರು ಥರ ಬರೆದಿದ್ದೆ,
ಮೂರಕ್ಕೂ ಗೀಟು ಹಾಕಿದ್ದಳು.
ಫೀಸು ಏನಮ್ಮ ಅಂದರೆ, ‘ಕಿವಿ’ ಅಂದಳು.
ಕುಣಿಗಲ್ಲಿನ ಹಳೇ ಬಸ್ಸಿಗೆ ಸ್ಕ್ರೂಡ್ರೈವರ್ ಇಡಿಸಿ ಕೇಳಿದೆ:
ಏನನ್ನಿಸುತ್ತೆ?
ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು.
‘ನಮ್ಮಮ್ಮ ಹಬ್ಬಕ್ಕೆ ಶ್ಯಾವಿಗೆ ಒತ್ತುವಾಗ
ಮಣೆ ಕಿರುಗುಟ್ಟುತ್ತಲ್ಲ, ಹಾಗೆ.’
ಹೌದಲ್ಲ!
ಅದೇ ಪಂಪು, ಅದೇ ಸದ್ದು, ಇಷ್ಟು ವರ್ಷ
ನನಗೆ ಹಾಗೆ ಕೇಳಿಸಿರಲೇ ಇಲ್ಲ.
ಆವತ್ತಿನ ಪುಟಕ್ಕೆ ಅದನ್ನೇ ಬರೆದುಕೊಂಡೆ.

ಈಗ ಗೊತ್ತು, ಆ ಬಸ್ಸು ಮೂಕಲ್ಲ.
ಕೀ ತಿರುಗಿಸಿದರೆ ಸೀಟಿನ ಹಿಂದೆ ಎಲ್ಲೋ
ಟಕ್.
ಒಂದು ರೆಪ್ಪೆ ಬಡಿಯುವಷ್ಟು ಹೊತ್ತು.
ಟಕ್.
ಮೊನ್ನೆ ಬೆಳಗಿನ ಜಾವ, ದೇವರಾಯನದುರ್ಗದ ಕಡೆಯಿಂದ
ಥಂಡಿ ಗಾಳಿ ಬೀಸುತ್ತಿತ್ತು,
ನಡುವೆ ಎರಡು ರೆಪ್ಪೆಯ ಹೊತ್ತಾಯಿತು.
‘ತಡಿಯಪ್ಪ’ ಅಂದೆ ಡ್ರೈವರಿಗೆ.
ಲ್ಯಾಪ್‌ಟಾಪು ಎಲ್ಲ ಸರಿಯಿದೆ ಅಂತು.
ಹುಸ್ನಾ ಲ್ಯಾಪ್‌ಟಾಪು ನೋಡಿದಳು, ನನ್ನನ್ನು ನೋಡಿದಳು,
ಇನ್ನೊಂದು ಸಲ ಕೀ ತಿರುಗಿಸಿದಳು.

ಡೈರಿಯ ಆ ಪುಟದಲ್ಲಿ ಇರುವುದು ಇಷ್ಟೇ,
ಗ್ರೀಸಿನ ಹೆಬ್ಬೆಟ್ಟು ಅರ್ಧ ಮುಚ್ಚಿದೆ:
ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ.
ನಾಳೆ ಮೀಟರು ಇಟ್ಟು ನೋಡಬೇಕು.