ಸ್ಲೋ ನಿಲ್ತಿಲ್ಲ

ತೀನ್ ಕಂದೀಲಿನಲ್ಲಿ ಗಾಡಿಗಳು ನಿಂತರೆ ನನಗೆ ನಡುಕ.
ನನ್ನ ಗಾಡಿಗೂ.
ತೊಂಬತ್ತೆಂಟರ ಮಾರುತಿ, ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಹಲಗೆ,
ಸ್ಟಿಯರಿಂಗ್ ಒಂದು, ಬ್ರೇಕು ಎರಡು,
ನನ್ನ ಕಡೆಯದೇ ಹೆಚ್ಚು ಸವೆದದ್ದು.
ಆಕ್ಸಿಲರೇಟರಿನಿಂದ ಕಾಲು ಎತ್ತಿದರೆ ಸಾಕು,
ಕನ್ನಡಿಯೊಳಗಿನ ರಸ್ತೆ ಅಲುಗುತ್ತದೆ,
ಗೇರಿನ ಕೋಲು ಚಳಿಜ್ವರ ಬಂದಂತೆ ಅದುರುತ್ತದೆ,
ಧಡ್ ಧಡ್, ಧಡ್... ಧಡ್,
ಆಮೇಲೆ ಹಿಂದಿನ ಆಟೋದ ಹಾರನ್ನು ಮಾತ್ರ.

"ಕ್ಲಚ್ಚು ಬಿಟ್ರಿ!"
ಯಾರು ಕೂತಿದ್ದರೂ ಇದೇ ಮಾತು.

ಖರ್ಚು ಮಾಡಿರಲಿಲ್ಲ ಅಂತಲ್ಲ.
ಮೂರೂ ಪ್ಲಗ್ಗು ಹೊಸವು. ಪೆಟ್ರೋಲ್ ಫಿಲ್ಟರೂ.
ಕಾರ್ಬೊರೇಟರು ಬಿಚ್ಚಿ ತೊಳೆದು
ಜೆಟ್ಟುಗಳನ್ನು ಊಟದ ತಟ್ಟೆಯಲ್ಲಿ ಒಣಗಿಸಿದ್ದೆ,
ಆ ತಟ್ಟೆಯನ್ನು ಮನೆಯಾಕೆ ಮತ್ತೆ ಒಳಗೆ ಸೇರಿಸಲಿಲ್ಲ.
ಸ್ಲೋ ಸ್ಕ್ರೂ ಅರ್ಧ ಸುತ್ತು ತಿರುವಿದರೆ
ಎರಡು ದಿನ ಗಾಡಿ ಸಂಭಾವಿತ,
ಮೂರನೆಯ ದಿನ ಅದೇ ಕೆಮ್ಮು.
ಇಷ್ಟೆಲ್ಲ ಮಾಡಿಸಿದ ಮೇಲೆ ಗಾಡಿಯದು ತಪ್ಪಿರಲಾರದು.
ಆದ್ದರಿಂದ ಕಾಲುಗಳದ್ದೇ.

ಹುಲಿಗೆಮ್ಮ ಬಂದದ್ದು ಏಪ್ರಿಲ್‌ನಲ್ಲಿ, ಬೆಳಗಿನ ಆರರ ಬ್ಯಾಚು.
ಜಿನ್ನಿಂಗ್ ಮಿಲ್ಲಿನಲ್ಲಿ ಹದಿನಾರು ವರ್ಷ,
ಸೆರಗಿನ ಅಂಚಿಗೆ ಯಾವಾಗಲೂ ಒಂದು ಹತ್ತಿಯ ಎಳೆ.
ಐದನೆಯ ದಿನ ಸ್ಟೇಷನ್ ರಸ್ತೆಯಲ್ಲಿ ಗಾಡಿ ಸತ್ತಿತು.
ನಾನು ಬಾಯಿ ತೆರೆದೆ.
"ಸರ, ಕಾಲು ಇನ್ನಾ ಕ್ಲಚ್ಚಿನ ಮ್ಯಾಲೇ ಅದ. ಬಗ್ಗಿ ನೋಡ್ರಿ."
ಬಗ್ಗಿ ನೋಡಿದೆ.
ಹವಾಯಿ ಚಪ್ಪಲಿ, ಸವೆದ ಕಾಲುಂಗುರ,
ಪೆಡಲು ನೆಲಕ್ಕೆ ಅಂಟಿಕೊಂಡೇ ಇತ್ತು.
"ಮತ್ತ, ಮುಂದ ಎಲ್ಲೋ ಸುಸ್ ಅಂತದ.
ನಮ್ಮ ಮಿಲ್ಲಿನ್ಯಾಗ ಗಾಳಿ ಪೈಪು ಬಿರಿದ್ರ ಹಿಂಗೇ ಅಂತದ.
ನಿಮಗ ಕೇಳ್ಸಂಗಿಲ್ಲೇನು?"

ಹದಿಮೂರು ವರ್ಷ ಆ ಸೀಟಿನಲ್ಲಿ ಕೂತಿದ್ದೇನೆ.
ಕೇಳಿಸಿರಲಿಲ್ಲ. ನನ್ನ ದನಿಯೇ ಅಡ್ಡ ಇತ್ತು.

ಗಂಜಿನ ಹಿಂದಿನ ಚಾಂದಪಾಷಾ
ಮೊದಲಿಗೆ ಒಂದು ಸ್ಪ್ಯಾನರನ್ನೂ ಮುಟ್ಟಲಿಲ್ಲ.
ಚೋಕು ಅರ್ಧ ಎಳೆದ, ಇಂಜಿನ್ನು ನೆಟ್ಟಗಾಯಿತು.
ಒಳಗೆ ತಳ್ಳಿದ, ಮತ್ತೆ ಕುಂಟು.
"ಗಾಳಿ ಜಾಸ್ತಿ ಸಾಬ್. ಎಲ್ಲಿಂದೋ ಕದ್ದು ಒಳಗ ಹೊಂಟದ."
ಸ್ಪ್ರೇ ಡಬ್ಬಿ ಹಿಡಿದು ಚುರ್ ಚುರ್ ಬಿಡುತ್ತ ಹೋದ.
ಮ್ಯಾನಿಫೋಲ್ಡಿನ ಅಂಚು, ಏನಿಲ್ಲ.
ಕಾರ್ಬೊರೇಟರಿನ ಬುಡ, ಏನಿಲ್ಲ.
ಅದರ ಕೆಳಗೆ, ಕೈ ಹೋಗದ ಸಂದಿಯಲ್ಲಿ,
ಕಿರುಬೆರಳಿನಷ್ಟು ದಪ್ಪದ ಒಂದು ರಬ್ಬರು ಪೈಪಿಗೆ ತಾಕಿದ್ದೇ
ಇಂಜಿನ್ನಿನ ಸದ್ದು ಏರಿತು,
ಹೆಸರು ಹಿಡಿದು ಕರೆದಾಗ ತಿರುಗಿ ನೋಡುವ ಹಾಗೆ.
ಅಲ್ಲಿ ಬೆರಳಿಟ್ಟು ಒತ್ತಿದ.
ಸುಸ್ ನಿಂತಿತು.
ಕನ್ನಡಿಯೊಳಗೆ ಗಂಜಿನ ಗೋಡೆ, ಗೋಡೆಯ ಮೇಲಿನ ಕಾಗೆ,
ಎಲ್ಲ ಇದ್ದಲ್ಲೇ ಇದ್ದವು.

ನಲವತ್ತು ರೂಪಾಯಿ.
ಈ ಊರಿನ ಬಿಸಿಲಿಗೆ ರಬ್ಬರು ಹಪ್ಪಳವಾಗುವುದು ನನಗೆ ಗೊತ್ತಿಲ್ಲದ್ದೇನಲ್ಲ.
ಹಳೆಯ ಪೈಪು ಕೈಗಿಟ್ಟು ಚಾಂದಪಾಷಾ ಚಹಾಕ್ಕೆ ಹೋದ.

ರಾತ್ರಿ ರಿಜಿಸ್ಟರ್ ತೆಗೆದೆ.
ಕಳೆದ ದಸರಾದಿಂದ ಮೂವತ್ತೊಂದು ಹೆಸರು.
ಪಕ್ಕದಲ್ಲಿ ನನ್ನದೇ ಅಕ್ಷರ: ಕ್ಲಚ್ ವೀಕ್, ಕ್ಲಚ್ ವೀಕ್,
ಒಂದು ಕಡೆ, ಇವರಿಗೆ ಆಗುವುದಿಲ್ಲ.
ಅದು ಅಂಚೆಕಚೇರಿಯ ವಿರೂಪಣ್ಣ,
ಫೀಸು ಪೂರ್ತಿ ಕೊಟ್ಟು ಒಂಬತ್ತನೆಯ ದಿನಕ್ಕೆ ಬಿಟ್ಟವರು.
ಫೋನು ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು.
ಹೇಗಿದ್ದೀರಿ ಅಂದೆ, ಬಿಸಿಲು ಅಂದೆ,
ಮತ್ತೆ ಒಂದು ವಾರ ಬರ್ರಿ, ರೊಕ್ಕ ಬ್ಯಾಡ ಅಂದೆ.
ನಕ್ಕರು.
"ಬಿಡ್ರಿ ಸರ, ಗಾಡಿ ಅಳಿಯಗ ಕೊಟ್ಟೀನಿ.
ನನ್ನ ಎಡಗಾಲೇ ಹಂಗ. ನೀವೇ ಹೇಳಿದ್ರೆಲ್ಲ."

ಕೈಯಲ್ಲಿ ಆ ಪೈಪಿನ ತುಂಡು.
ಸುಮ್ಮನಿದ್ದರೆ ಏನೂ ಕಾಣುವುದಿಲ್ಲ,
ಬಗ್ಗಿಸಿದರೆ ಬಾಯಿ ಬಿಡುತ್ತದೆ.
ಬಗ್ಗಿಸಿದೆ. ಬಿಟ್ಟೆ. ಬಗ್ಗಿಸಿದೆ.

"ಸರ? ಲೈನಿನ್ಯಾಗ ಅದೀರೇನು?"