ಸಾಗಿನೆಮ್‌ಳ ಹೆಬ್ಬೆಟ್ಟು

ಸೋಲೋ ಪಟ್ಟಣದ ಗುರುತಿನ ಚೀಟಿಯ ಕಚೇರಿಯಲ್ಲಿ
ಗಾಜಿನ ಮೇಲೆ ನನ್ನ ಹೆಬ್ಬೆಟ್ಟು ಒತ್ತಿಸಿ ಒತ್ತಿಸಿ
ಸುಸ್ತಾದ ಹುಡುಗ ಹೇಳಿದ:
ಅಮ್ಮಾ, ಕೈ ತೊಳೆದು ಬನ್ನಿ.

ತೊಳೆದೆ. ಸೋಪು ಹಳದಿಯಾಯಿತು,
ಕೈ ಹಾಗೇ ಇತ್ತು.

ಮೂವತ್ತೊಂದು ವರ್ಷ, ತಮ್ಮಾ,
ಬೆಳಗಿನ ಜಾವ ಮೂರಕ್ಕೆ ತುರಿಮಣೆ ಮುಂದೆ ಕೂತವಳು ನಾನು.
ಅರಿಸಿನದ ಗೆಡ್ಡೆ ಸವೆದು ಸವೆದು ಉಗುರಿನಷ್ಟಾದಾಗ
ಕೊನೆಯ ಚೂರು ಬಿಸಾಡಲು ಮನಸ್ಸು ಬಾರದೆ
ಇನ್ನೆರಡು ಸಲ ಉಜ್ಜುತ್ತೇನೆ.
ಅಲ್ಲಿ ಹೋಯಿತು ನಿನ್ನ ಯಂತ್ರ ಹುಡುಕುವ ಗೆರೆ.
ಓಣಿಯವರೆಲ್ಲ ಲೋಟಕ್ಕಿಷ್ಟು ಲೋಟಕ್ಕಿಷ್ಟು
ಕುಡಿದು ಮುಗಿಸಿದ್ದಾರೆ.

ಅವನು ನಗಲಿಲ್ಲ. ಸರದಿ ಉದ್ದವಿತ್ತು.
ಬೆಂಚು ತೋರಿಸಿದ. ಕೂತೆ.

ಸುಮ್ಮನೆ ಕೂತರೆ ಕಣ್ಣಿಗೆ ಕಟ್ಟುವುದು
ವೊನೊಗಿರಿಯ ಸುಣ್ಣಕಲ್ಲಿನ ಇಳಿಜಾರು,
ತೇಗದ ನೆರಳಿನಲ್ಲಿ ಅತ್ತೆಯ ನಾಲ್ಕು ಸಾಲು.
ಮೊದಲ ಮಳೆಗೆ ಮಣ್ಣು ಉಗುರಿಗೆ ಹತ್ತುವ ಹೊತ್ತಿಗೆ
ಅತ್ತೆ ಗೆಡ್ಡೆ ಮುರಿಯುತ್ತಿದ್ದಳು, ಚಟ್, ಚಟ್.
ಕಣ್ಣು ಮೇಲಕ್ಕಿರಲಿ ಕಣೇ, ಅನ್ನುತ್ತಿದ್ದಳು,
ಹೂತಿಟ್ಟರೂ ಅದಕ್ಕೆ ದಿಕ್ಕು ತಿಳಿಯಬೇಕು.
ಬಾಳೆಯ ತಂಗಿಯಂಥ ಎಲೆ.
ಬುಡದಲ್ಲಿ ಬಿಳಿ ಹೂ, ಯಾರೂ ಮುಡಿಯದ್ದು.
ಒಂಬತ್ತು ತಿಂಗಳು, ಬಸುರಿನದೇ ಲೆಕ್ಕ.
ಆಮೇಲೆ ಎಲೆ ಒಣಗಿ ಮಗ್ಗುಲಾಗುತ್ತದೆ.
ಹೊಸದಾಗಿ ಬಂದ ಸೊಸೆ, ನಾನು, ಅತ್ತಿದ್ದೆ:
ಸತ್ತೇಹೋಯಿತು.
ಅತ್ತೆ ಮಾತಾಡದೆ ಗುದ್ದಲಿ ತಂದಳು.

ತಾಯಿಗೆಡ್ಡೆಯ ಸುತ್ತ ಬೆರಳು ಬೆರಳು ಮಕ್ಕಳು.
ಮಣ್ಣು ಒರೆಸಿ ನೋಡು, ಪ್ರತಿ ಬೆರಳಿಗೂ
ಉಂಗುರ ಉಂಗುರ ಗೆರೆ.
ಬೇಕಾದರೆ ಅದನ್ನೇ ಒತ್ತಿಸಿಕೊಳ್ಳಲಿ ಸರ್ಕಾರ,
ನನ್ನ ಹೆಸರು ಅಲ್ಲಿದೆ.

ಬುಟ್ಟಿಯಲ್ಲಿ ಎಂಟು ಸೀಸೆ. ಮಗುವಿನ ಹಾಗೆ
ಬೆನ್ನಿಗೆ ಬಟ್ಟೆಯಲ್ಲಿ ಬಿಗಿದು ಹೊರಡುತ್ತೇನೆ.
ಒಂದರಲ್ಲಿ ಅರಿಸಿನ, ಹುಣಸೆ, ಕರಗಿಸಿದ ತಾಳೆಬೆಲ್ಲ.
ಒಂದರಲ್ಲಿ ಅಕ್ಕಿ, ಕಚ್ಚೂರ.
ಕಹಿಯದು ಮೂಲೆಯಲ್ಲಿ, ಅದನ್ನು ಕೇಳುವವರು
ಕೇಳುವಾಗಲೇ ಮುಖ ಕಿವುಚುತ್ತಾರೆ.
ಬಾಟಿಕ್ ಬಣ್ಣದ ಹುಡುಗಿಯರು ತಿಂಗಳ ನೋವಿಗೆ;
ಸೈಕಲ್ ರಿಕ್ಷಾದ ಕಾರ್ತಿಜೋ ಸುಮ್ಮನೆ, ಮಾತಿಗೆ.
ಬಾಣಂತಿ ಮನೆಯಲ್ಲಿ ಮಗುವನ್ನೂ ಎತ್ತಿಕೊಡುತ್ತಾರೆ,
ಬಿಳಿ ಬಟ್ಟೆಗೆ ನನ್ನ ಐದು ಬೆರಳು ಅಂಟುತ್ತದೆ,
ಅಜ್ಜಿಯರು ಬೈಯುತ್ತಾರೆ, ಆದರೆ ಒಗೆಯುವುದಿಲ್ಲ.
ಮಗುವಿಗೆ ಏಳು ತಿಂಗಳಾದ ದಿನ ಅದೇ ಮನೆಯಿಂದ
ತೆಂಗಿನ ಹಾಲಿನಲ್ಲಿ ಬೆಂದ ಹಳದಿ ಅನ್ನ,
ಎಳೆ ಅರಿಸಿನದೆಲೆಯಲ್ಲಿ ಸುತ್ತಿ ಸುಟ್ಟ ಮೀನು.
ಎಲೆ ಬಿಡಿಸಿದಾಗಿನ ಆ ಹಬೆ! ದುಡ್ಡು ಕೇಳುವುದೇ
ಮರೆತುಹೋಗುತ್ತದೆ.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿಯಂತೆ.
ಕಾರ್ತಿಜೋನ ಕಣ್ಣು ಹಾಗಾದ ವರ್ಷ
ಎರಡು ಲೋಟ ಕೇಳಿದ. ಸುರಿಯಲಿಲ್ಲ ನಾನು.
ಈ ಹಳದಿ ಬೇರೆ, ಆ ಹಳದಿ ಬೇರೆ,
ಆಸ್ಪತ್ರೆಗೆ ನಡಿ ಎಂದೆ.
ಅವನದೇ ರಿಕ್ಷಾದಲ್ಲಿ ಅವನನ್ನು ಕೂರಿಸಿ ನಾನು ತುಳಿದೆ,
ದಾರಿಯುದ್ದಕ್ಕೂ ಅವನ ತೊಡೆಯ ಮೇಲೆ ಸೀಸೆಗಳ ಕಿಣಿಕಿಣಿ.
ಮಳೆಗಾಲ ದಾಟಲಿಲ್ಲ.
ಕೊಟ್ಟದ್ದಕ್ಕೆ ಹೆಸರು ಬಂದಿದೆ, ತಮ್ಮಾ,
ಕೊಡದೆ ಇದ್ದ ಆ ಎರಡು ಲೋಟ
ನಾನೊಬ್ಬಳೇ ಹೊತ್ತು ತಿರುಗುತ್ತೇನೆ.

ಸಾಗಿನೆಮ್! ಕೂಗಿದ ಹುಡುಗ.
ಒಂದೊಂದೇ ಬೆರಳು ಇಟ್ಟೆ. ಇಲ್ಲ. ಇಲ್ಲ.
ಎಡಗೈಯ ಕಿರುಬೆರಳಿಗೆ ಯಂತ್ರ ಪೀಂ ಎಂದಿತು.
ತುರಿಮಣೆ ಮುಟ್ಟದ್ದು ಅದೊಂದೇ,
ಯಾವ ಕೆಲಸಕ್ಕೂ ಬಾರದ್ದು.
ಈಗ ನಾನು ಅಂದರೆ ಅದು.

ಹುಡುಗ ಗಾಜು ಒರೆಸಿದ. ಮತ್ತೆ ಒರೆಸಿದ.
ನನ್ನ ಹಿಂದಿನವನು ಹೆಬ್ಬೆಟ್ಟು ಒತ್ತಿ,
ಎತ್ತಿ ನೋಡಿಕೊಂಡು,
ಇಸ್ತ್ರಿ ಮಾಡಿದ ಶರಟಿಗೆ ಉಜ್ಜಿಕೊಂಡ.

ಅಯ್ಯೋ, ಹಾಗಲ್ಲ ಹೋಗುವುದು.
ಬಿಸಿಲಿಗೆ ಒಂದು ದಿನ ಹಾಕು.